ಟಪಾಲು ವಿಭಾಗಕ್ಕೆ ಬಂದ ಕೊನೆಯ ಮಾತು

ನಮ್ಮ ಕಚೇರಿಯಲ್ಲಿ ಯಾರಿಗಾದರೂ ಹೊಸ ಜವಾಬ್ದಾರಿ ಬಿದ್ದರೆ ಅವರು ಮೊದಲು ಕೇಳುವುದು ಮೇಜು. ಬೇರೆ ಏನು ಕೇಳಿದರೂ ಮೇಲಿನ ಕಚೇರಿಗೆ ಬರೆಯಬೇಕಾಗುತ್ತದೆ. ಮೇಜಾದರೆ ಇಬ್ಬರು ಹಿಡಿದು ಎಳೆದರೆ ಆಯಿತು. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ನಿವೃತ್ತರಾದಾಗ ಆ ಕೆಲಸವನ್ನು ತೂಕ ವಿಭಾಗದ ಗುಮಾಸ್ತರೊಬ್ಬರ ಕೊರಳಿಗೆ ಕಟ್ಟಲಾಯಿತು. ಅವರ ಅರ್ಹತೆ ಇಷ್ಟೆ: ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಸಾಹೇಬರು ನೋಡುತ್ತಿದ್ದಾಗಲೇ ಎಳೆದು ತೆಗೆದಿದ್ದರು. ಅವರು ಆದೇಶವನ್ನು ಮನಸ್ಸಿನಲ್ಲಿ ಎರಡು ಸಲ ಓದಿಕೊಂಡು, ಮೂರನೇ ಸಲ ನಮಗೆಲ್ಲ ಕೇಳುವಂತೆ ಓದಿ, "ಹಾಗಾದ್ರೆ ನನಗೆ ಡ್ರಾಯರ್ ಇರೋ ಮೇಜು ಬೇಕಾಗುತ್ತೆ" ಎಂದರು. ಅವತ್ತಿನಿಂದ ನಾವೆಲ್ಲ ಅವರನ್ನು ಇನ್‌ಚಾರ್ಜ್ ಎಂದೇ ಕರೆಯತೊಡಗಿದೆವು. ಅವರಿಗೂ ಅದರಲ್ಲಿ ಬೇಸರವಿದ್ದಂತೆ ಕಾಣಲಿಲ್ಲ.

ನಮ್ಮದು ತೂಕ ಮತ್ತು ಅಳತೆಯ ಕಚೇರಿ. ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಲೀಟರ್ ಪಾತ್ರೆ, ಮೀಟರ್ ಕೋಲು ಎಲ್ಲವೂ ವರ್ಷಕ್ಕೊಮ್ಮೆ ಇಲ್ಲಿಗೆ ಬಂದು ಮುದ್ರೆ ಒತ್ತಿಸಿಕೊಂಡು ಹೋಗಬೇಕು. ಯಾವ ಅಂಗಡಿಯ ಯಾವ ತಕ್ಕಡಿ ನಿಜ ಹೇಳುತ್ತದೆ, ಯಾವುದು ಹೇಳುವುದಿಲ್ಲ ಎಂಬ ಪಟ್ಟಿಯೆಲ್ಲ ಇರುವುದು ಸರ್ವರ್ ಎಂಬ ಒಂದು ಕಪ್ಪು ಪೆಟ್ಟಿಗೆಯಲ್ಲಿ. ಅದು ಹಜಾರದ ಮೂಲೆಯಲ್ಲಿ ಒಂದು ಮೋಟು ಸ್ಟೂಲಿನ ಮೇಲೆ ಕೂತು, ನೆತ್ತಿಯ ಜಾಲರಿಯಿಂದ ದಿನವಿಡೀ ಬೆಚ್ಚಗೆ ಉಸಿರು ಬಿಡುತ್ತಿರುತ್ತದೆ. ನಾನು ಅಳತೆ ವಿಭಾಗದವನು. ನನ್ನ ಕುರ್ಚಿ ಆ ಮೂಲೆಗೆ ಹತ್ತಿರ ಇರುವುದರಿಂದ ಮುಂದೆ ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಉಳಿದರ್ಧ ಕಿವಿಯಾರೆ ಕೇಳಿದ್ದು.

ಡ್ರಾಯರ್ ಇರುವ ಮೇಜು ಇದ್ದದ್ದು ಟಪಾಲು ವಿಭಾಗದಲ್ಲಿ, ಅಲ್ಲಿನ ಪ್ರಿಂಟರಿನ ಕೆಳಗೆ. ಟಪಾಲು ಮೇಡಂ ಒಂದು ಮಾತೂ ಎದುರಾಡದೆ ಕೊಟ್ಟರು. "ತಗೊಂಡು ಹೋಗಿ ಸಾರ್. ಮೂರು ಡ್ರಾಯರ್ ಇದೆ, ಮೂರೂ ತೆಗೆಯೋಕಾಗಲ್ಲ" ಎಂದರು. ಪ್ರಿಂಟರನ್ನು ಇನ್‌ಚಾರ್ಜ್ ಅವರ ಹಳೆಯ ಮೇಜಿನ ಮೇಲಿಟ್ಟು, ಹೊಸ ಮೇಜನ್ನು ಸರ್ವರಿನ ಪಕ್ಕಕ್ಕೆ ತಂದು ಹಾಕಲಾಯಿತು. ತೆಗೆಯಲಾಗದ ಡ್ರಾಯರಿನ ಮೇಲೆ ಕೈಯಿಟ್ಟುಕೊಂಡು ಕೂತ ಇನ್‌ಚಾರ್ಜ್ ಒಂದು ಇಂಚು ಎತ್ತರವಾದಂತೆ ಕಂಡರು. ನಾನು ಅಳತೆಯವನಾದ್ದರಿಂದ ಇದನ್ನು ಸುಮ್ಮನೆ ಹೇಳುತ್ತಿಲ್ಲ.

ಆ ಮೇಜಿನ ಮೂಲೆಯಲ್ಲಿ ಒಂದು ಚೀಟಿ ಅಂಟಿಸಿತ್ತು. ಅದರ ಪೂರ್ವಕಥೆ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ನಮ್ಮಲ್ಲಿ ಪ್ರತಿ ಕಂಪ್ಯೂಟರಿಗೂ ಪ್ರಿಂಟರಿಗೂ ನೆಟ್‌ವರ್ಕಿನಲ್ಲಿ ಒಂದೊಂದು ವಿಳಾಸ ಇದೆ. ಅವನ್ನು ಚೀಟಿಯಲ್ಲಿ ಬರೆದು ಅಂಟಿಸುವ ಕೆಲಸ ಉಗ್ರಾಣದವನಿಗೆ ಬಂದಾಗ ಅವನು ಚೀಟಿಗಳನ್ನು ಯಂತ್ರಗಳಿಗೆ ಅಂಟಿಸಲಿಲ್ಲ, ಮೇಜುಗಳಿಗೆ ಅಂಟಿಸಿದ. ಕೇಳಿದ್ದಕ್ಕೆ, "ಕಂಪ್ಯೂಟರ್ ಇವತ್ತು ಬರುತ್ತೆ, ನಾಳೆ ಕೆಡುತ್ತೆ. ಮೇಜು ಶಾಶ್ವತ ಆಸ್ತಿ ಸಾರ್. ರಿಜಿಸ್ಟರ್‌ನಲ್ಲಿ ಹಾಗೇ ಇರೋದು" ಎಂದ. ಹೀಗೆ ಟಪಾಲು ಪ್ರಿಂಟರಿನ ವಿಳಾಸ ಹೊತ್ತ ಮೇಜಿಗೆ ಇನ್‌ಚಾರ್ಜ್ ಅವರು ಒಡೆಯರಾದರು.

ಎರಡನೆಯ ದಿನದಿಂದಲೇ ಸರ್ವರ್ ಸಾಯತೊಡಗಿತು.

ಇನ್‌ಚಾರ್ಜ್ ಹತ್ತೂವರೆಗೆ ಬರುವರು. ಚೀಲದಿಂದ ಮೂರಂತಸ್ತಿನ ಸ್ಟೀಲ್ ಊಟದ ಡಬ್ಬಿಯನ್ನು ತೆಗೆದು ಪಕ್ಕಕ್ಕಿಟ್ಟು, ಕುರ್ಚಿ ಒರೆಸಿ, ಕನ್ನಡಕ ಒರೆಸಿ, ಕೆಲಸಕ್ಕೆ ಕೂರುವರು. ಹನ್ನೊಂದೂ ಹತ್ತರ ಸುಮಾರಿಗೆ ಎಲ್ಲರ ಪರದೆಗಳೂ ನಿಂತುಬಿಡುವವು. ತಕ್ಕಡಿ ಹೊತ್ತು ಬಂದ ಅಂಗಡಿಯವರು ಸಾಲಿನಲ್ಲಿ ಗೊಣಗುವರು. ಇನ್‌ಚಾರ್ಜ್ ಎದ್ದು ಸರ್ವರಿನ ಗುಂಡಿ ಒತ್ತಿ ಬದುಕಿಸುವರು. ಹನ್ನೆರಡೂವರೆಗೆ ಅದು ಇನ್ನೊಮ್ಮೆ ಸಾಯುವುದು. ಊಟದ ನಂತರ ಮಾತ್ರ ಸಂಜೆಯವರೆಗೆ ಚಕಾರವೆತ್ತದೆ ದುಡಿಯುವುದು. ಅವರು ರಜೆ ಹಾಕಿದ ದಿನ ಬೆಳಿಗ್ಗೆಯೂ ಸಾಯುತ್ತಿರಲಿಲ್ಲ. "ನಾನಿಲ್ಲದ ದಿನ ಯಾರೂ ಅದರ ಹತ್ರ ಸರಿಯಾಗಿ ಕೆಲಸ ತೆಗಿಯಲ್ಲ, ಅದಕ್ಕೇ" ಎಂದು ಇನ್‌ಚಾರ್ಜ್ ಅದಕ್ಕೊಂದು ವಿವರಣೆ ಕೊಟ್ಟರು.

ಸಾಹೇಬರು ವಿವರಣೆ ಕೇಳುವ ಸ್ಥಿತಿಯಲ್ಲಿರಲಿಲ್ಲ. ಇನ್ನು ಮೂರು ವಾರಕ್ಕೆ ಮೇಲಿನ ಕಚೇರಿಯಿಂದ ತಪಾಸಣೆ ಇತ್ತು.

"ನೋಡ್ರಿ ಇನ್‌ಚಾರ್ಜ್, ತಪಾಸಣೆ ದಿನ ಇದೇನಾದ್ರೂ ಮಲಗಿದ್ರೆ ನಾನು ನಿಮ್ಮನ್ನ ನೆಲಮಾಳಿಗೆಗೆ ಹಾಕ್ತೀನಿ. ಆರ್ಡರ್ ಟೈಪ್ ಮಾಡಿಸಿ ಇಟ್ಟಿದೀನಿ, ದಿನಾಂಕ ಒಂದು ಬರೀಬೇಕು ಅಷ್ಟೆ."

ನೆಲಮಾಳಿಗೆ ಎಂದರೆ ಅಂಗಡಿಗಳಿಂದ ಜಪ್ತಿ ಮಾಡಿ ತಂದ ಮೋಸದ ತಕ್ಕಡಿಗಳನ್ನು ರಾಶಿ ಹಾಕಿರುವ ಜಾಗ. ಅಲ್ಲಿ ಒಂದು ಬಲ್ಬು, ಒಂದು ಕುರ್ಚಿ, ಒಂದು ರಿಜಿಸ್ಟರ್. ಹಿಂದೆ ಅಲ್ಲಿಗೆ ಹಾಕಿಸಿಕೊಂಡಿದ್ದವರು ಆರು ವರ್ಷದ ಮೇಲೆ ಒಂದು ದಿನ ಮೇಲೆ ಬಂದು, ಕಣ್ಣು ಕಿರಿದು ಮಾಡಿಕೊಂಡು, ಈಗಿನ ಸಾಹೇಬರು ಯಾರು ಎಂದು ನನ್ನನ್ನೇ ಕೇಳಿದ್ದರು. ಇನ್‌ಚಾರ್ಜ್ ಅವರ ಮುಖ ಅವತ್ತು ಬಾಡಿದ್ದು ಮತ್ತೆ ಅರಳಲಿಲ್ಲ. ಮನೆಯಲ್ಲಿ ಹೆಂಡತಿ ಆಗಲೇ ಅಕ್ಕಪಕ್ಕದ ನಾಲ್ಕು ಮನೆಗೆ, "ನಮ್ಮೋರು ಈಗ ಇಡೀ ಆಫೀಸಿನ ಸರ್ವರ್ ನೋಡ್ಕೋತಾರೆ" ಎಂದು ಹೇಳಿ ಮುಗಿಸಿದ್ದರು.

ಬೇರೆ ದಾರಿ ಕಾಣದೆ ಅವರು ಭಾಮೈದನಿಗೆ ಫೋನ್ ಮಾಡಿದರು. ಈ ಭಾಮೈದ ಬೇರೊಂದು ಊರಿನ ದೊಡ್ಡ ಆಸ್ಪತ್ರೆಯಲ್ಲಿ ಇಂಥವೇ ಇಪ್ಪತ್ತು ಯಂತ್ರಗಳನ್ನು ನೋಡಿಕೊಳ್ಳುವವನು. ಮದುವೆಯ ಹೊಸದರಲ್ಲಿ ಇನ್‌ಚಾರ್ಜ್ ಅವನಿಗೆ ಕಂಪ್ಯೂಟರ್ ಆನ್ ಮಾಡುವ ಗುಂಡಿ ತೋರಿಸಿದ್ದರಂತೆ. ಅಂದಿನಿಂದ ಎಲ್ಲರ ಮುಂದೆ, "ಅವನಿಗೆ ಕಂಪ್ಯೂಟರ್ ಕಲಿಸಿದ್ದೇ ನಾನು" ಎನ್ನುವುದು ಅವರ ರೂಢಿ. ಫೋನನ್ನು ಮೇಜಿನ ಮೇಲೆ ಸ್ಪೀಕರಿನಲ್ಲಿಟ್ಟು ಮಾತಾಡಿದ್ದರಿಂದ ಹಜಾರಕ್ಕೆಲ್ಲ ಕೇಳುತ್ತಿತ್ತು.

"ಭಾವ, ಸಾಯೋ ಮುಂಚೆ ಅದು ಏನಾದ್ರೂ ಹೇಳುತ್ತಾ?"

"ಏನೂ ಇಲ್ಲ ಕಣೋ. ಮಾತಿಲ್ಲ ಕತೆಯಿಲ್ಲ, ಪರದೆ ಕಪ್ಪಾಗುತ್ತೆ."

"ಹೇಳುತ್ತೆ ಭಾವ, ನಿಮಗೆ ಕೇಳಿಸ್ತಿಲ್ಲ ಅಷ್ಟೆ. ಒಳಗಡೆ ಕರ್ನಲ್ ಅಂತ ಒಂದು ಇರುತ್ತೆ, ಇಡೀ ಯಂತ್ರ ನಡೆಸೋದು ಅದೇ. ಏನು ತೊಂದರೆ ಆದ್ರೂ ಒಂದೊಂದು ಸಾಲು ಬರ್ಕೊಂಡೇ ಹೋಗುತ್ತೆ. ಆದ್ರೆ ಸಾಯೋ ಹೊತ್ತಲ್ಲಿ ತನ್ನ ಡಿಸ್ಕಿಗೆ ಬರಿಯೋಕೆ ಪುರುಸೊತ್ತಿರಲ್ಲ. ಅದಕ್ಕೇ, ಆ ಸಾಲುಗಳನ್ನ ಆಗಿಂದಾಗಲೇ ತಂತಿಯಲ್ಲಿ ಇನ್ನೊಂದು ಕಂಪ್ಯೂಟರಿಗೆ ಕಳಿಸೋ ಹಾಗೆ ಮಾಡೋಣ. ನಿಮ್ಮ ಮೇಜಿನ ಮೇಲಿರೋದು ಕೇಳಿಸ್ಕೊಳ್ಳಲಿ. ಕೊನೇ ಮಾತು ಸಿಕ್ರೆ ಕಾರಣ ಸಿಕ್ಕಿತು."

"ಕೇಳಿಸ್ಕೊಂಡೆ ಅಂತ ನನ್ನ ಕಂಪ್ಯೂಟರ್ ಅದಕ್ಕೆ ಉತ್ತರ ಕೊಡುತ್ತಾ?"

"ಇಲ್ಲ. ಅದು ಕೂಗಿ ಸುಮ್ಮನಾಗುತ್ತೆ. ತಲುಪ್ತಾ ಇಲ್ವಾ ಅಂತ ತಿರುಗಿ ನೋಡಲ್ಲ."

"ಹಾಗಾದ್ರೆ ನಮ್ಮ ಇಲಾಖೆಗೆ ಹೊಂದುತ್ತೆ ಬಿಡು" ಎಂದರು ಇನ್‌ಚಾರ್ಜ್.

ಮುಂದಿನ ಒಂದು ಗಂಟೆ ಭಾಮೈದ ಹೇಳಿದ ಒಂದೊಂದು ಅಕ್ಷರವನ್ನೂ ಇವರು ಎರಡು ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿದರು. ಕೊನೆಗೆ ಎಲ್ಲಿಗೆ ಕಳಿಸಬೇಕೆಂಬ ವಿಳಾಸ ಹಾಕುವ ಘಟ್ಟ ಬಂತು. ಇನ್‌ಚಾರ್ಜ್ ಮೇಜಿನ ಮೂಲೆಯ ಚೀಟಿಗೆ ಬಗ್ಗಿ, ಅಲ್ಲಿದ್ದ ಅಂಕೆಗಳನ್ನೂ ಹನ್ನೆರಡು ಅಕ್ಷರಗಳನ್ನೂ ಗಟ್ಟಿಯಾಗಿ ಓದುತ್ತ ಹೊಡೆದರು. ಮೂರನೆಯದು, ಎಂದರೆ ಸಾಲುಗಳು ಯಂತ್ರದ ಯಾವ ಬಾಗಿಲಿಂದ ಒಳಗೆ ಹೋಗಬೇಕೆಂಬ ಸಂಖ್ಯೆ, ಯಾವುದಿರಬೇಕೆಂದು ಭಾಮೈದ ಬಾಯಲ್ಲೇ ಹೇಳಿದ. ಆದರೆ ಚೀಟಿಯಲ್ಲಿ ಬೇರೆ ಸಂಖ್ಯೆ ಇತ್ತು. ಇನ್‌ಚಾರ್ಜ್ ಒಂದು ಕ್ಷಣ ಯೋಚಿಸಿದರು. ಒಂದು ಕಡೆ ಹೆಂಡತಿಯ ತಮ್ಮ, ಇನ್ನೊಂದು ಕಡೆ ಕಚೇರಿಯ ಮುದ್ರೆ ಇರುವ ಚೀಟಿ. ಅವರು ಚೀಟಿಯ ಮಾತನ್ನೇ ನಂಬಿದರು.

"ಈಗ ಒಂದು ಪರೀಕ್ಷೆ ಸಾಲು ಕಳಿಸಿ ಭಾವ. ಏನಾದ್ರೂ ಸರಿ."

ಇನ್‌ಚಾರ್ಜ್ ತಮಗೆ ತಿಳಿದ ಇಂಗ್ಲಿಷಿನಲ್ಲಿ 'ನಮಸ್ಕಾರ, ಯಾರಾದರೂ ಇದ್ದೀರಾ' ಎಂದು ಹೊಡೆದು ಕಳಿಸಿದರು.

"ಬಂತಾ ಭಾವ?"

"ಇಲ್ಲ ಕಣೋ."

'ದಯವಿಟ್ಟು ಉತ್ತರಿಸಿ' ಎಂದು ಕಳಿಸಿದರು.

"ಬಂತಾ?"

"ಇಲ್ಲ."

ಮರುದಿನ ತಂತಿ ಕಿತ್ತು ಬೇರೆ ತಂತಿ ಹಾಕಿದರು. ಅದರ ಮರುದಿನ, ದೊಡ್ಡ ತೊಂದರೆಯನ್ನಷ್ಟೇ ಅಲ್ಲ, ಸಣ್ಣಪುಟ್ಟದ್ದನ್ನೂ ಬಿಡದೆ ಹೇಳು ಎಂದು ಕರ್ನಲ್‌ಗೆ ಅಪ್ಪಣೆ ಕೊಟ್ಟರು. ಆಮೇಲೆ ತಮ್ಮ ಕಂಪ್ಯೂಟರಿನಲ್ಲಿ ಹೊರಗಿನದನ್ನು ತಡೆಯುವ ಫೈರ್‌ವಾಲ್ ತೆಗೆದು ನೋಡಿದರು. ಒಂದೊಂದಕ್ಕೂ ಒಂದೊಂದು ಪರೀಕ್ಷೆ ಸಾಲು: 'ಕೇಳಿಸುತ್ತಿದೆಯೇ', 'ನಾನು ಇಲ್ಲಿದ್ದೇನೆ', 'ಇನ್ನೂ ಕಾಯುತ್ತಿದ್ದೇನೆ'. ಪ್ರತಿ ಸಲ "ಬಂತಾ ಭಾವ?", ಪ್ರತಿ ಸಲ "ಇಲ್ಲ."

"ವಿಳಾಸ ಸರಿಯಾಗಿ ಹಾಕಿದೀರಿ ತಾನೆ?"

"ಚೀಟಿ ನೋಡಿ ಹಾಕಿದೀನಯ್ಯಾ! ನನಗೇ ಹೇಳಿಕೊಡ್ತೀಯಾ? ನಿನಗೆ ಕಂಪ್ಯೂಟರ್ ಕಲಿಸಿದ್ದೇ ನಾನು!"

ಭಾಮೈದ ವಿಳಾಸದ ಮಾತನ್ನು ಅಲ್ಲಿಗೇ ಬಿಟ್ಟ.

ಇತ್ತ ಟಪಾಲು ವಿಭಾಗದಲ್ಲಿ ಎಲ್ಲ ಸಾಲುಗಳೂ ಒಂದೂ ತಪ್ಪದೆ ತಲುಪುತ್ತಿದ್ದವು. ಅಲ್ಲಿನ ಪ್ರಿಂಟರ್ ಹಳೆಯ ಕಾಲದ್ದು. ತಂತಿಯಲ್ಲಿ ಏನು ಬಂದರೂ ಯಾರು ಕಳಿಸಿದರು ಎಂದು ವಿಚಾರಿಸದೆ ಅಚ್ಚು ಹಾಕುವ ಸ್ವಭಾವ. ಟಪಾಲು ಮೇಡಂ ಅವರ ಸ್ವಭಾವವೂ ಅದೇ. ತಮ್ಮ ಮೇಜಿಗೆ ಬಂದದ್ದಕ್ಕೆಲ್ಲ ಅವರು ಮುದ್ರೆ ಒತ್ತಿ, ಆವಕ ಸಂಖ್ಯೆ ಕೊಟ್ಟು, ಸಂಬಂಧಪಟ್ಟವರಿಗೆ ದಾಟಿಸುತ್ತಾರೆ. ಒಮ್ಮೆ ಯಾರೋ ಅಂಗಡಿಯವರು ಮರೆತು ಬಿಟ್ಟುಹೋದ ಛತ್ರಿಗೂ ಸಂಖ್ಯೆ ಬಿದ್ದು, 'ಸೂಕ್ತ ಕ್ರಮಕ್ಕಾಗಿ' ಎಂಬ ಚೀಟಿಯೊಂದಿಗೆ ಅದು ನನ್ನ ಅಳತೆ ವಿಭಾಗಕ್ಕೆ ಬಂದಿತ್ತು. ನಾನು ಅಳತೆ ತೆಗೆದು ಹಿಂದಿರುಗಿಸಿದೆ.

ಪ್ರಿಂಟರಿನಿಂದ ಬಂದ ಹಾಳೆಗಳನ್ನು ಮೇಡಂ ತಿರುಗಿಸಿ ಮುರುಗಿಸಿ ನೋಡಿದರು. ಕಳಿಸಿದವರ ಹೆಸರಿಲ್ಲ, ಸಹಿ ಇಲ್ಲ. ಆದರೆ ಪ್ರತಿ ಸಾಲಿನ ತಲೆಯಲ್ಲೂ ಚೌಕ ಆವರಣದೊಳಗೆ ಒಂದು ಸಂಖ್ಯೆ ಇತ್ತು. ಅದು ಯಂತ್ರ ಎದ್ದು ಎಷ್ಟು ಸೆಕೆಂಡಾಯಿತೆಂಬ ಲೆಕ್ಕ ಎಂದು ಮೇಡಂ ಅವರಿಗೆ ಹೇಗೆ ಗೊತ್ತಾಗಬೇಕು?

"ಅನಾಮಧೇಯ ಅರ್ಜಿ" ಎಂದರು ಅವರು. "ಆದ್ರೆ ಸಾಲು ಸಾಲಿಗೂ ಉಲ್ಲೇಖ ಸಂಖ್ಯೆ ಹಾಕಿದಾರೆ. ಅಳೋವಾಗ್ಲೂ ಉಲ್ಲೇಖ ಸಂಖ್ಯೆ ಹಾಕ್ತಾರೆ ಅಂದ್ರೆ ಇದು ನಮ್ಮ ಇಲಾಖೆಯವರದ್ದೇ."

ಇಂಗ್ಲಿಷಿನಲ್ಲಿ ಬಂದ ಪತ್ರ ಅನುವಾದಕರ ಕಡೆ ಹೋಗಬೇಕೆಂದು ನಿಯಮ. ನಮ್ಮ ಅನುವಾದಕರು ಕಂಪ್ಯೂಟರನ್ನು ದೂರದಿಂದ ಗೌರವಿಸುವವರು, ಇಂದಿಗೂ ಮಸಿ ಪೆನ್ನಿನಲ್ಲಿ ಬರೆಯುವವರು. ನಾಲ್ಕು ವರ್ಷದಲ್ಲಿ ಅವರಿಗೆ ಸಿಕ್ಕಿದ್ದ ಅನುವಾದದ ಕೆಲಸ ಒಂದೇ ಒಂದು: ಹೊರಗಿನಿಂದ ತರಿಸಿದ ತೂಕದ ಯಂತ್ರದ ಬಳಕೆಯ ಕೈಪಿಡಿ. ಹಸಿದು ಕೂತಿದ್ದವರ ಮುಂದೆ ಎಲೆ ಹಾಕಿದಂತಾಯಿತು. ಎರಡು ದಿನ ಬಾಗಿಲು ಹಾಕಿಕೊಂಡು, ಇನ್‌ಚಾರ್ಜ್ ಅವರ ಪರೀಕ್ಷೆ ಸಾಲುಗಳನ್ನೂ ಕರ್ನಲ್‌ನ ಕೊನೆಯ ಮಾತುಗಳನ್ನೂ ಒಂದೇ ಉಸಿರಿನಲ್ಲಿ ಹೀಗೆ ಕನ್ನಡಿಸಿದರು:

'ಯಾರಾದರೂ ಇದ್ದೀರಾ? ದಯವಿಟ್ಟು ಉತ್ತರಿಸಿ. ಕೇಳಿಸುತ್ತಿದೆಯೇ? ನಾನು ಇಲ್ಲಿದ್ದೇನೆ. ಇನ್ನೂ ಕಾಯುತ್ತಿದ್ದೇನೆ. ತಾಪವು ಹೊಸ್ತಿಲನ್ನು ದಾಟಿದೆ. ನನ್ನ ಕಾರ್ಯವು ನೂರಿಪ್ಪತ್ತು ಸೆಕೆಂಡುಗಳಿಗೂ ಮಿಗಿಲಾಗಿ ತಡೆಹಿಡಿಯಲ್ಪಟ್ಟಿದೆ. ಯಾರೂ ಸ್ಪಂದಿಸುತ್ತಿಲ್ಲ, ಆದರೂ ಪ್ರಯತ್ನಿಸುತ್ತಿದ್ದೇನೆ. ತಾಪವು ವಿಪರೀತಕ್ಕೇರಿತು. ಇದೋ, ಬಾಗಿಲು ಹಾಕಿಕೊಳ್ಳುತ್ತಿದ್ದೇನೆ.'

'ಇದೋ' ಮೂಲದಲ್ಲಿ ಇರಲಿಲ್ಲ. ಭಾವಕ್ಕೆ ಬೇಕಾಗಿತ್ತು ಎಂದು ಅವರು ಆಮೇಲೆ ಸಮರ್ಥಿಸಿಕೊಂಡರು.

ಕಡತದ ಮೇಲೆ 'ಗೋಪ್ಯ' ಎಂದು ಬರೆದು ಸಾಹೇಬರ ಕೋಣೆಗೆ ಕಳಿಸಲಾಯಿತು. ನಮ್ಮ ಕಚೇರಿಯಲ್ಲಿ ಗೋಪ್ಯ ಎಂದರೆ ಸಂಬಂಧಪಟ್ಟವನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿರುವ ವಿಷಯ. ಓದಿದ ಸಾಹೇಬರು ಮೊದಲು ನಕ್ಕರಂತೆ. "ನೂರಿಪ್ಪತ್ತು ಸೆಕೆಂಡ್ ತಡೆ ಅಂತ ದೂರಾ? ಇಲ್ಲಿ ನೂರಿಪ್ಪತ್ತು ದಿನದಿಂದ ನಿಂತ ಕಡತದವರೇ ಬಾಯಿ ಬಿಟ್ಟಿಲ್ಲ!" ಕೊನೆಯ ಸಾಲಿಗೆ ಬಂದಾಗ ನಗು ನಿಂತಿತು. ಟಪಾಲು ಮೇಡಂ ಅವರನ್ನು ಕರೆಸಿದರು.

"ಯಾರಿರಬಹುದು ಮೇಡಂ?"

"ನಾನು ಹೆಸರು ಹೇಳೋ ಹಾಗಿಲ್ಲ ಸಾರ್. ಆದ್ರೆ ದಿನಾ ಹನ್ನೊಂದೂ ಹತ್ತಕ್ಕೆ ಬರುತ್ತೆ. ಆ ಹೊತ್ತಿಗೆ ಹಜಾರದಲ್ಲಿ ತಲೆ ಮೇಲೆ ಕೈ ಹೊತ್ಕೊಂಡು, ಖಾಲಿ ಪರದೆ ನೋಡ್ತಾ ಕೂತಿರೋರು ಒಬ್ಬರೇ."

ಸಾಹೇಬರು ಬಾಗಿಲ ಸಂದಿಯಿಂದ ಇಣುಕಿದರು. ಮೂಲೆಯಲ್ಲಿ ಇನ್‌ಚಾರ್ಜ್ ತಲೆಯ ಮೇಲೆ ಕೈ ಹೊತ್ತು, ಒಂದು ಸಾಲಾದರೂ ಬಂದೀತೇ ಎಂದು ಖಾಲಿ ಪರದೆ ನೋಡುತ್ತಿದ್ದರು. ನೆಲಮಾಳಿಗೆಯ ಮಾತೆತ್ತಿದವರು ತಾವೇ ಎಂಬುದು ಸಾಹೇಬರಿಗೆ ಆಗ ನೆನಪಾಯಿತು.

ಮರುದಿನದಿಂದ ಕಚೇರಿಯ ಗಾಳಿಯೇ ಬದಲಾಯಿತು. ಸಾಹೇಬರು ತಮ್ಮ ಕೋಣೆಯ ನಿಲುವು ಫ್ಯಾನನ್ನು ತಂದು ಇನ್‌ಚಾರ್ಜ್ ಅವರ ಮುಖಕ್ಕೆ ನೇರವಾಗಿ ಇಡಿಸಿ, "ತಾಪ ಕಮ್ಮಿ ಆಗ್ಲಿ ಅಂತ" ಎಂದರು. ಉಗ್ರಾಣದವನು ಬಂದು ಕೇಳದೆಯೇ ಮೂರೂ ಡ್ರಾಯರ್ ತೆಗೆದುಕೊಟ್ಟ. ಒಂದರೊಳಗೆ ಹಳೆಯ ಕಾಲದ ಅರ್ಧ ಕೆಜಿ ಕಲ್ಲು ಸಿಕ್ಕಿತು. ಅನುವಾದಕರು ಬಂದು ಸುಮ್ಮನೆ ಅವರ ಕೈ ಹಿಡಿದುಕೊಂಡು, ಕಣ್ಣು ತುಂಬಿಕೊಂಡು, "ನಿಮ್ಮ ಶೈಲಿ ನನಗೆ ಬಹಳ ಹಿಡಿಸಿತು" ಎಂದು ಹೇಳಿ ಹೋದರು. ನಾನು ಕೂಡ ನನ್ನ ಚಹಾದಲ್ಲಿ ಅರ್ಧ ಕೊಟ್ಟೆ. ಕಡತದಲ್ಲಿದ್ದದ್ದು ನನಗೂ ಗೊತ್ತಿತ್ತಲ್ಲ. ಅದಕ್ಕೂ ಪಕ್ಕದಲ್ಲೇ ಬಿಸಿ ಉಸಿರು ಬಿಡುತ್ತಿದ್ದ ಪೆಟ್ಟಿಗೆಗೂ ಸಂಬಂಧವಿರಬಹುದೆಂದು ನನ್ನ ತಲೆಗೂ ಹೊಳೆಯಲಿಲ್ಲ.

ಇನ್‌ಚಾರ್ಜ್ ಅವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಹತ್ತೊಂಬತ್ತು ವರ್ಷ ಆದ್ಮೇಲೆ ಈಗ ಗೊತ್ತಾಗ್ತಿದೆ ಇವರಿಗೆ, ನಾನು ಯಾರು ಅಂತ" ಎಂದು ನನ್ನ ಕಿವಿಯಲ್ಲಿ ಹೇಳಿ ಚಹಾ ಕುಡಿದರು. ಹನ್ನೊಂದೂ ಹತ್ತಕ್ಕೆ ಸರ್ವರ್ ಮಾತ್ರ ಎಂದಿನಂತೆ ಸತ್ತಿತು. ಫ್ಯಾನಿನ ಗಾಳಿಯೆಲ್ಲ ಅವರ ಮುಖಕ್ಕೆ ಖರ್ಚಾಗುತ್ತಿತ್ತು.

ತಪಾಸಣೆಗೆ ಎರಡು ದಿನ ಇದ್ದಾಗ ಸಾಹೇಬರು ಅವರ ಮನೆಗೇ ಫೋನ್ ಮಾಡಿದರು.

"ಅಮ್ಮಾ, ನಿಮ್ಮ ಯಜಮಾನ್ರು ಮನೇಲಿ ಸರಿಯಾಗಿ ಮಾತಾಡ್ತಾರಾ?"

"ಮಾತಿಗೇನು ಕಮ್ಮಿ ಸಾರ್? ನಿಲ್ಲಿಸೋದೇ ಕಷ್ಟ."

"ಊಟ?"

"ಎರಡು ಸಲ ಬಡಿಸ್ಕೊಂಡು ತಿಂತಾರೆ. ಯಾಕ್ ಸಾರ್, ಏನಾಯ್ತು?"

"ಏನಿಲ್ಲ, ಏನಿಲ್ಲ. ಮೇಲೆ ಕಾಣಿಸ್ಕೊಳ್ಳಲ್ಲ, ಅದೇ ಅಪಾಯ" ಎಂದು ಸಾಹೇಬರು ಫೋನ್ ಇಟ್ಟರು. ಹೆಂಡತಿ ತಕ್ಷಣ ತಮ್ಮನಿಗೆ ಫೋನ್ ಮಾಡಿ ಅತ್ತರು. ತಮ್ಮ ಆಸ್ಪತ್ರೆಗೆ ರಜೆ ಹಾಕಿ ಓಡಿಬಂದ.

ತಪಾಸಣೆಯ ದಿನ ಬೆಳಿಗ್ಗೆ ಹೆಂಡತಿ, "ಇವತ್ತು ಡಬ್ಬಿ ಬೇಡ, ಮಧ್ಯಾಹ್ನ ನಾನೇ ಬಿಸಿಬಿಸಿ ತರ್ತೀನಿ" ಎಂದು ಇನ್‌ಚಾರ್ಜ್ ಅವರನ್ನು ಬರಿಗೈಯಲ್ಲಿ ಕಳಿಸಿದ್ದರು. ಹನ್ನೊಂದೂ ಹತ್ತಾಯಿತು. ನಾವೆಲ್ಲ ಉಸಿರು ಬಿಗಿಹಿಡಿದೆವು. ಸರ್ವರ್ ಸಾಯಲಿಲ್ಲ. ಹನ್ನೆರಡೂವರೆಗೂ ಸಾಯಲಿಲ್ಲ. ತಪಾಸಣಾಧಿಕಾರಿಗಳು ಕೇಳಿದ ಪಟ್ಟಿಯನ್ನೆಲ್ಲ ಅದು ಕೇಳಿದ ಕೂಡಲೇ ಒಪ್ಪಿಸಿತು. ಇನ್‌ಚಾರ್ಜ್ ಕೈ ಕಟ್ಟಿ, ಗಲ್ಲ ಎತ್ತಿ, ಅದನ್ನು ಹೆತ್ತವರ ಹಾಗೆ ಪಕ್ಕದಲ್ಲಿ ನಿಂತಿದ್ದರು.

ಆದರೆ ಅಧಿಕಾರಿಗಳು ಬರುವಾಗ ಸಾಲಿನಲ್ಲಿದ್ದ ಅಂಗಡಿಯವರನ್ನು ಮಾತಾಡಿಸಿಕೊಂಡೇ ಬಂದಿದ್ದರು.

"ಇವತ್ತು ಚೆನ್ನಾಗಿದೆ ಸರಿ. ಮೂರು ವಾರದಿಂದ ದಿನಾ ಎರಡು ಸಲ ನಿಲ್ತಿತ್ತಂತಲ್ಲ? ಯಾಕೆ? ಯಾರೋ ಒಬ್ಬರು ಕಾರಣ ಇರಬೇಕಲ್ವಾ?" ಎಂದು ಸಾಹೇಬರ ಕಡೆ ತಿರುಗಿದರು. "ಅದ್ಯಾರು ಅಂತ ಗೊತ್ತಾದ ದಿನಾನೇ ಅವರನ್ನ ನೆಲಮಾಳಿಗೆಗೆ ಹಾಕಿ. ಆಮೇಲೆ ಈ ಕಡತ ಯಾಕೆ ಹಾಗೇ ಬಿದ್ದಿದೆ? ಅನಾಮಧೇಯ ಅರ್ಜಿ. ಅರ್ಜಿದಾರರು ಸಿಕ್ಕಿದ್ರಾ?"

ಹಜಾರದಲ್ಲಿದ್ದವರೆಲ್ಲ ಒಟ್ಟಿಗೆ ಇನ್‌ಚಾರ್ಜ್ ಅವರನ್ನು ನೋಡಿದರು. ಇನ್‌ಚಾರ್ಜ್ ಹಿಂದಕ್ಕೆ ತಿರುಗಿ ಗೋಡೆ ನೋಡಿದರು.

"ನಾನಾ? ಯಾವ ಅರ್ಜಿ?"

ಸರಿಯಾಗಿ ಅದೇ ಹೊತ್ತಿಗೆ ಹೆಂಡತಿ ಡಬ್ಬಿ ಹಿಡಿದು ಒಳಗೆ ಬಂದರು, ಹಿಂದೆ ಭಾಮೈದ. ಅನುವಾದಕರು ಕನ್ನಡದ ಪ್ರತಿಯನ್ನು ಆಕೆಯ ಕೈಗೂ ಇಂಗ್ಲಿಷಿನ ಮೂಲವನ್ನು ಭಾಮೈದನ ಕೈಗೂ ಕೊಟ್ಟರು. ಆಕೆ 'ಇದೋ' ಎಂಬಲ್ಲಿಗೆ ಬಂದು ಸೆರಗು ಬಾಯಿಗೆ ಒತ್ತಿಕೊಂಡರು. ಭಾಮೈದ ಒಂದೇ ಸಾಲು ಓದಿ ತಲೆಯೆತ್ತಿದ. ಭಾವನ ಪಕ್ಕಕ್ಕೆ ಬಂದು ಪಿಸುಗುಟ್ಟಿದ. ನನ್ನ ಕುರ್ಚಿ ಹತ್ತಿರವೇ ಇತ್ತೆಂದು ಆಗಲೇ ಹೇಳಿದ್ದೇನೆ.

"ಭಾವ, ಇದು ನಮ್ಮ ಸರ್ವರಿನ ಕೊನೇ ಮಾತು. ಮೂರು ವಾರದಿಂದ ನಾವು ಕಾಯ್ತಿರೋದು ಇದನ್ನೇ. ಮೇಲಿನ ಐದಾರು ಸಾಲು ನಿಮ್ಮದು, ಉಳಿದದ್ದು ಅದರದ್ದು. ಚೀಟಿ ಯಾರದ್ದು ನೋಡಿದ್ರಿ?"

"ಏನಂತೆ ಅದಕ್ಕೆ?"

"ಬಿಸಿಯಂತೆ. ಉಸಿರು ಕಟ್ಟುತ್ತಂತೆ. ಅದೂ ಮಧ್ಯಾಹ್ನದ ಒಳಗೆ ಮಾತ್ರ. ಅದರ ಮೇಲೆ ಏನಾದ್ರೂ ಇಡ್ತೀರಾ?"

"ನಾನ್ಯಾಕೋ ಇಡ್ಲಿ?" ಎಂದು ಇನ್‌ಚಾರ್ಜ್ ಗದರಿದರು.

ಹೆಂಡತಿ ಕಣ್ಣೊರೆಸಿಕೊಂಡು, "ರೀ, ಡಬ್ಬಿ ಎಲ್ಲಿಡ್ಲಿ?" ಎಂದರು.

"ಅಲ್ಲೇ ಇಡು, ಸರ್ವರ್ ಮೇಲೆ, ಆ ಜಾಲರಿ ಹತ್ರ. ಬೆಚ್ಚಗಿರು..." ಎಂದವರು ಅಲ್ಲಿಗೇ ನಿಂತರು.

ಭಾಮೈದ ಡಬ್ಬಿಯನ್ನು ನೋಡಿದ, ಜಾಲರಿಯನ್ನು ನೋಡಿದ, ಭಾವನನ್ನು ನೋಡಿದ. ಮೂರಂತಸ್ತಿನ ಡಬ್ಬಿಯ ತಳ ಜಾಲರಿಗೆ ಹೇಳಿ ಮಾಡಿಸಿದ ಮುಚ್ಚಳದಷ್ಟಿತ್ತು. ಇನ್‌ಚಾರ್ಜ್ ಅವರ ಮುಖದಲ್ಲಿ ರಕ್ತವಿರಲಿಲ್ಲ. ಫ್ಯಾನು ಮಾತ್ರ ಆ ಮುಖಕ್ಕೇ ಗಾಳಿ ಬೀಸುತ್ತಿತ್ತು.

"ಅರ್ಜಿ ನಿಮ್ಮದು ಹೌದೋ ಅಲ್ವೋ?" ಎಂದು ಅಧಿಕಾರಿಗಳು ಗಡಿಯಾರ ನೋಡಿದರು. "ಅಲ್ಲ ಅಂದ್ರೆ ಇದು ಎಲ್ಲಿಂದ ಬಂತು ಅಂತ ಬುಡದಿಂದ ವಿಚಾರಣೆ ಮಾಡಿಸ್ತೀನಿ."

ವಿಚಾರಣೆಯಾದರೆ ಪ್ರಿಂಟರ್, ಪ್ರಿಂಟರಿನಿಂದ ಸರ್ವರ್, ಸರ್ವರಿನ ಮೇಲೆ ಡಬ್ಬಿ. ಒಪ್ಪಿಕೊಂಡರೆ, ತೂಕದ ಇಲಾಖೆಯಲ್ಲಿ ಹತ್ತೊಂಬತ್ತು ವರ್ಷ ಗಂಭೀರವಾಗಿ ಕೂತವರು, 'ಯಾರಾದರೂ ಇದ್ದೀರಾ' ಎಂದು ಟಪಾಲಿಗೆ ಬರೆದು ಅತ್ತರೆಂದು ದಾಖಲೆಯಾಗುತ್ತದೆ. ಇನ್‌ಚಾರ್ಜ್ ಭಾಮೈದನ ಮುಖ ನೋಡಿದರು. ಅವನು ಒಂದು ಮಾತು ಆಡಿದರೆ ಮುಗಿಯಿತು.

ಭಾಮೈದ ಇನ್ನೂ ಹತ್ತಿರ ಬಂದ. "ಭಾವ, ನನಗೆ ಕಂಪ್ಯೂಟರ್ ಕಲಿಸಿದ್ದು ಯಾರು?"

ಇನ್‌ಚಾರ್ಜ್ ಡಬ್ಬಿಯ ಕಡೆ ಒಮ್ಮೆ ನೋಡಿದರು. "ನೀನೇ ಕಲಿತೆ ಕಣಪ್ಪಾ" ಎಂದರು, ಬಹಳ ಮೆಲ್ಲಗೆ.

"ಹಾಗಾದ್ರೆ ಸೈನ್ ಹಾಕಿ."

ಟಪಾಲು ಮೇಡಂ ಆಗಲೇ ಮಸಿಪ್ಯಾಡು, ಪೆನ್ನು ಹಿಡಿದು ನಿಂತಿದ್ದರು. ಇನ್‌ಚಾರ್ಜ್ ಅರ್ಜಿಯ ಕೆಳಗೆ, 'ಬಾಗಿಲು ಹಾಕಿಕೊಳ್ಳುತ್ತಿದ್ದೇನೆ' ಎಂಬ ಸಾಲಿನ ಬುಡದಲ್ಲಿ, ಪೂರ್ತಿ ಸಹಿ ಹಾಕಿ ದಿನಾಂಕ ಬರೆದರು. ಹೆಂಡತಿ ಎಲ್ಲರೆದುರೇ ಅವರ ತೋಳು ಹಿಡಿದು, "ಇಷ್ಟೆಲ್ಲ ಮನಸ್ಸಲ್ಲಿ ಇಟ್ಕೊಂಡಿದ್ರಾ? ನನಗೆ ಒಂದು ಮಾತು ಹೇಳಬಾರದಿತ್ತಾ?" ಎಂದು ಅತ್ತರು. ಅವರು ಅಲ್ಲವೆನ್ನುವಂತೆಯೂ ಇರಲಿಲ್ಲ. ಮೊದಲ ಐದಾರು ಸಾಲು ಅವರದ್ದೇ ಆಗಿತ್ತಲ್ಲ.

ಅಧಿಕಾರಿಗಳು ಸಹಿ ನೋಡಿ ಮೆತ್ತಗಾದರು. ಕೆಲಸದ ಭಾರ ಹೊತ್ತು ಇಷ್ಟು ಕುಗ್ಗಿದವರನ್ನು ಯಂತ್ರ ನಿಂತದ್ದಕ್ಕೆ ಹೊಣೆ ಮಾಡುವುದು ಅಮಾನುಷ ಎಂದು ಸಾಹೇಬರಿಗೇ ಗದರಿ, ನೆಲಮಾಳಿಗೆಯ ಆರ್ಡರನ್ನು ತರಿಸಿ ಹರಿದುಹಾಕಿದರು. ಕಡತದ ಕೊನೆಯಲ್ಲಿ ತಮ್ಮ ಕೈಯಿಂದಲೇ ಬರೆದರು: 'ಅರ್ಜಿದಾರರ ಅಹವಾಲು ಇನ್ನು ಮುಂದೆ ಟಪಾಲಿಗೆ ತಲುಪಿದ ಕೂಡಲೇ ಕಚೇರಿಯ ಸಮಸ್ತರೂ ಖುದ್ದಾಗಿ ಹೋಗಿ ಯೋಗಕ್ಷೇಮ ವಿಚಾರಿಸತಕ್ಕದ್ದು.'

ಹೊರಡುವ ಮುಂಚೆ ಭಾಮೈದ ಕೇಳಿದ, "ಭಾವ, ಆ ವಿಳಾಸ ಸರಿ ಮಾಡಿ ಹೋಗ್ಲಾ? ಎರಡು ನಿಮಿಷದ ಕೆಲಸ."

"ಬೇಡ ಬೇಡ. ಅಷ್ಟು ನನಗೆ ಬರುತ್ತೆ" ಎಂದರು ಇನ್‌ಚಾರ್ಜ್. ಬರುತ್ತಿತ್ತೋ ಇಲ್ಲವೋ, ಮಾಡಲಂತೂ ಇಲ್ಲ.

ಒಂದು ವಾರ ಅವರು ಡಬ್ಬಿಯನ್ನು ಈಗ ತೆಗೆಯಲು ಬರುವ ಡ್ರಾಯರಿನಲ್ಲಿಟ್ಟು, ತಣ್ಣನೆಯ ಊಟ ಮಾಡಿದರು. ಎಂಟನೆಯ ದಿನ ಒಬ್ಬ ಅಂಗಡಿಯವನ ಜೊತೆ ಮಾತಾಡುತ್ತ ಮಾತಾಡುತ್ತ, ಕೈಗೆ ಅಭ್ಯಾಸವಾದ ಜಾಗದಲ್ಲಿ ಕೈ ತಾನಾಗಿಯೇ ಡಬ್ಬಿ ಇಟ್ಟುಬಿಟ್ಟಿತು. ಹನ್ನೊಂದೂ ಎಂಟಕ್ಕೆ ಟಪಾಲು ವಿಭಾಗದ ಕಡೆಯಿಂದ ಪ್ರಿಂಟರಿನ ಕರ್ರೆಂಬ ಸದ್ದು ಕೇಳಿಸಿತು. ಅದರ ಹಿಂದೆಯೇ ಚಪ್ಪಲಿಗಳ ಸದ್ದು. ಹಾಳೆ ಹಿಡಿದ ಟಪಾಲು ಮೇಡಂ ಮುಂದೆ, ನೀರಿನ ಲೋಟ ಹಿಡಿದ ಸಾಹೇಬರು ಹಿಂದೆ, ಪೆನ್ನಿನ ಮುಚ್ಚಳ ತೆಗೆದುಕೊಂಡೇ ಅನುವಾದಕರು, ಉಗ್ರಾಣದವನು, ನಾನು. ಸರ್ವರ್ ಸಾಯುವುದಕ್ಕೆ ಇನ್ನೂ ಎರಡು ನಿಮಿಷವಿತ್ತು.

"ಏನಾಯ್ತು ಇನ್‌ಚಾರ್ಜ್? ಹೇಳಿ, ಬಿಚ್ಚಿ ಹೇಳಿ. ನಾವೆಲ್ಲ ಇದೀವಿ" ಎಂದರು ಸಾಹೇಬರು.

ಇನ್‌ಚಾರ್ಜ್ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಆಮೇಲೆ ಡಬ್ಬಿಯನ್ನು ನಿಧಾನವಾಗಿ ಜಾಲರಿಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಸರ್ವರ್ ದೊಡ್ಡದಾಗಿ ಒಂದು ಉಸಿರು ಬಿಟ್ಟಿತು. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಭಾಮೈದ.

"ಭಾವ, ಆ ವಿಳಾಸ ಸರಿ ಮಾಡಿದ್ರಾ? ಒಂದು ಸಾಲಾದ್ರೂ ಬಂತಾ?"

"ಬಂತು ಕಣೋ" ಎಂದರು ಇನ್‌ಚಾರ್ಜ್, ಸಾಹೇಬರ ಕೈಯಿಂದ ನೀರಿನ ಲೋಟ ತೆಗೆದುಕೊಳ್ಳುತ್ತ. "ಎಲ್ಲರೂ ಬಂದಿದಾರೆ."